ಅಯ್ಯನವರ ಪಾದ, ಕೋಕಿಲಾಳ ಕಾಲು

ನಮ್ಮಪ್ಪನ ಪಾದ ನೋಡದ ಕನ್ನಡದವರು ಹೈದರಾಬಾದಿನ ಈ ಸನತ್‌ನಗರದಲ್ಲಿ ಯಾರೂ ಇಲ್ಲ. ಬಡಾಯಿ ಕೊಚ್ಚುತ್ತಿದ್ದೇನೆ ಅಂದುಕೊಳ್ಳಬೇಡಿ, ಇದ್ದದ್ದನ್ನು ಹೇಳುತ್ತಿದ್ದೇನೆ. ನಾವು ಭಾಲ್ಕಿ ಕಡೆಯ ಹಿರೇಮಠದವರು, ಅಯ್ಯನವರ ಮನೆತನ. ಅಪ್ಪ ಕಲ್ಯಾಣಯ್ಯ ಮೂವತ್ತೆಂಟು ವರ್ಷ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡಿ ನಿವೃತ್ತರಾದರು. ಆದರೆ ರಜೆಯ ದಿನ ಮಡಿ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದು ಹೊರಟರೆಂದರೆ ಅದೇ ಕಾರ್ಖಾನೆಯ ಮೇಲಧಿಕಾರಿಗಳೂ ಅಡ್ಡಬೀಳುತ್ತಿದ್ದರು. ಇಲ್ಲಿಂದ ನಾಚಾರಂವರೆಗೆ ನಮ್ಮ ಕಡೆಯವರ ಯಾವ ಮನೆಯಲ್ಲಿ ಗೃಹಪ್ರವೇಶವಾದರೂ ಅಪ್ಪನ ಪಾದಪೂಜೆ ಆಗಲೇಬೇಕು. ಹಿತ್ತಾಳೆಯ ಪರಾತದಲ್ಲಿ ಅಪ್ಪ ಪಾದ ಇಡುತ್ತಾರೆ. ಮನೆಯವರು ನೀರೆರೆದು ತೊಳೆದು, ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿ, ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಇನ್ನು ಆ ಪಾದಗಳೋ! ಮೇಲ್ಭಾಗ ಉಬ್ಬಿಕೊಂಡು, ಬೆರಳುಗಳು ದುಂಡಗಾಗಿ, ಉಗುರುಗಳೆಲ್ಲ ಮೇಲಕ್ಕೆ ಎದ್ದು ಸೂರು ನೋಡುತ್ತಿರುತ್ತವೆ. ಭಕ್ತರಿಗೆ ಅದೇ ಒಂದು ಸಡಗರ. "ಬ್ಯಾರೆ ಅಯ್ಯಗಳ ಕಾಲು ನೋಡಿದ್ರ ಒಣಾ ಕಟಗಿ ಇದ್ದಂಗ ಇರ್ತಾವ. ನಮ್ಮ ಅಯ್ಯನವರದು ನೋಡ್ರಿ, ಎಂಥಾ ತುಂಬಿದ ಪಾದ!" ಎಂದು ಹೆಂಗಸರು ನನ್ನೆದುರಿಗೇ ಹೇಳಿದ್ದಾರೆ. ನಮ್ಮಜ್ಜನಿಗೂ ಅಂಥವೇ ಇದ್ದವಂತೆ, ಮುತ್ತಜ್ಜನಿಗೂ ಇದ್ದವಂತೆ. ಇದು ಮನೆತನಕ್ಕೆ ಬಂದ ಪ್ರಸಾದ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆ ಪ್ರಸಾದ ನನಗೂ ಬಂತು, ಹುಟ್ಟುವಾಗಲೇ. ಆದರೆ ನನ್ನದನ್ನು ಯಾರೂ ಪ್ರಸಾದ ಎನ್ನಲಿಲ್ಲ. ಅಪ್ಪನಿಗೆ ಬಂದರೆ ಪಾದ, ನನಗೆ ಬಂದರೆ ಊತ! ಅವ್ವ ಬಸುರಿಯಲ್ಲಿ ತಣ್ಣನೆಯ ಮಜ್ಜಿಗೆ ಕುಡಿದಳು, ಅದಕ್ಕೇ ಕೂಸಿಗೆ ವಾತ ಹಿಡಿಯಿತು ಎಂದು ಅಜ್ಜಿ ತೀರ್ಪು ಕೊಟ್ಟಳು. ಅಲ್ಲಿಗೆ ಮುಗಿಯಿತು. ಎಂಟು ವರ್ಷಕ್ಕೇ ನೆಲ ಗುಡಿಸುವಷ್ಟು ಉದ್ದನೆಯ ಲಂಗ, ಆಮೇಲೆ ನೆಲ ಗುಡಿಸುವ ಸೀರೆ. ಹೆಂಗಸರ ಚಪ್ಪಲಿ ಯಾವುದೂ ಹಿಡಿಸುವುದಿಲ್ಲವಾದ್ದರಿಂದ ಮೆಹದಿಪಟ್ಟಣಂ ಬಜಾರಿಗೆ ಹೋಗಿ ಗಂಡಸರ ಹತ್ತನೇ ನಂಬರಿನ ಸ್ಯಾಂಡಲ್ ತರುತ್ತೇನೆ. ಅಂಗಡಿಯವನು ಪ್ರತಿ ಸಲ "ಭಾಯಿಸಾಬ್‌ಗೆ ಪ್ಯಾಕ್ ಮಾಡಲಾ?" ಎಂದು ಕೇಳುತ್ತಾನೆ, ನಾನು ಹೂಂ ಎನ್ನುತ್ತೇನೆ. ನನ್ನನ್ನು ನೋಡಲು ಒಂಬತ್ತು ಗಂಡುಗಳು ಬಂದು ಹೋದವು. ಒಂಬತ್ತನೆಯವನ ತಾಯಿ ನನ್ನ ಸೀರೆಯ ಅಂಚನ್ನು ತನ್ನ ಹೆಬ್ಬೆರಳಿಂದ ಎತ್ತಿ ನೋಡಿದಳು. ಚಹಾದ ತಟ್ಟೆಯನ್ನು ಅಲ್ಲೇ ಇಟ್ಟು, "ಅಮ್ಮಾರ, ಹಲ್ಲೂ ಎಣಿಸ್ತೀರೇನು?" ಎಂದು ಕೇಳಿ ಒಳಗೆ ಹೋದೆ. ಹತ್ತನೆಯ ಗಂಡು ಬರಲಿಲ್ಲ.

ನನಗೀಗ ನಲವತ್ತೆರಡು. ಇಲ್ಲೇ ಮಾತ್ರೆ ಪ್ಯಾಕಿಂಗ್ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅರವತ್ತು ಜನ ನನ್ನ ಬಾಯಿಗೆ ಹೆದರುತ್ತಾರೆ. ಕಾಲು ಮಾತ್ರ ಅವರಲ್ಲಿ ಒಬ್ಬರೂ ನೋಡಿರಲಿಲ್ಲ.

ತಮ್ಮ ಪವನನ ಕಾಲುಗಳು ಬೇರೆ. ಸಪೂರ ಕಾಲು, ನೀಟಾದ ಬೆರಳು. ಮನೆತನದ ಪಾದ ಮಗನಿಗೆ ಬರಲಿಲ್ಲವಲ್ಲ ಎಂದು ಅಪ್ಪ ಇವತ್ತಿಗೂ ಕೊರಗುತ್ತಾರೆ. ಆ ಪವನನಿಗೆ, ಮದುವೆಯಾಗಿ ಆರು ವರ್ಷಕ್ಕೆ, ಹೆಣ್ಣು ಕೂಸು ಹುಟ್ಟಿತು. ನಿರೀಕ್ಷಾ ಎಂದು ಹೆಸರಿಟ್ಟೆವು. ಬಾಣಂತಿ ಕೋಣೆಯಲ್ಲಿ ನಾನು ಬಟ್ಟೆ ಸರಿಸಿ ನೋಡುತ್ತೇನೆ, ಅಯ್ಯೋ ಶಿವನೇ! ಎರಡು ಪುಟ್ಟ ಬನ್ನುಗಳು, ಬನ್ನಿನ ತುದಿಯಲ್ಲಿ ಸೂರು ನೋಡುವ ಹತ್ತು ಉಗುರುಗಳು. ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಯಾವುದನ್ನು ಮೊದಲು ಮಾಡಲಿ ತಿಳಿಯದೆ ಬಿಕ್ಕಳಿಸಿದೆ.

ಕೂಸಿನ ತಾಯಿ ತೇಜಸ್ವಿನಿ ತನ್ನ ತವರಿಂದ ಬಂದ ಅತ್ತಿಗೆಯರ ಎದುರಿಗೆ ಕಾಲುಚೀಲ ಹಾಕಿಯೇ ಕೂಸನ್ನು ತೋರಿಸಿದಳು. ಮೇ ತಿಂಗಳ ಬಿಸಿಲಲ್ಲಿ ಉಣ್ಣೆಯ ಕಾಲುಚೀಲ! ತಾನೇನು ತಿಂದೆ, ತಾನೇನು ಮಾಡಿದೆ ಎಂದು ದಿನವೂ ಲೆಕ್ಕ ಹಾಕಿ ಅಳುತ್ತಿದ್ದಳು. ಅಪ್ಪ ಕೂಸಿನ ಕಾಲನ್ನು ಒಮ್ಮೆ ನೋಡಿ, "ವಾತ ಐತಿ. ಎಣ್ಣಿ ಹಚ್ರಿ, ಇಳೀತೈತಿ," ಎಂದರು. ತಮ್ಮ ಪಾದವನ್ನು ಮಣೆಯ ಮೇಲಿಟ್ಟುಕೊಂಡೇ ಈ ಮಾತು ಹೇಳಿದರು. ಮೂರು ಅಡಿ ದೂರದಲ್ಲಿ ಎರಡೂ ಜೋಡಿ ಇದ್ದವು, ಒಂದು ದೊಡ್ಡದು, ಒಂದು ಸಣ್ಣದು. ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎನ್ನುವುದೇ ನನಗೆ ಈಗ ನಾಚಿಕೆಯ ವಿಷಯ. ಕೂಸಿಗೆ ನನ್ನ ಕಾಲು ಬಂದಿದೆ ಎಂದುಕೊಂಡೆನೇ ಹೊರತು, ನನಗೆ ಅಪ್ಪನದು ಬಂದಿದೆ ಎಂದುಕೊಂಡಿರಲಿಲ್ಲ.

ಎಣ್ಣೆ ಹಚ್ಚಿದ್ದೂ ಆಯಿತು, ಇಳಿಯಲಿಲ್ಲ. ಕೂಸಿಗೆ ಮೂರು ತಿಂಗಳಾದಾಗ ದೊಡ್ಡಾಸ್ಪತ್ರೆಗೆ ಹೋದರು. ನನಗೆ ಡ್ಯೂಟಿ ಇತ್ತು, ಹಿರಿಯರೆಂದು ಅಪ್ಪ ಜೊತೆಗೆ ಹೋದರು. ಅಲ್ಲಿಯ ಕಿರಿಯ ಡಾಕ್ಟರು ಕಾಗದ ತುಂಬಿಸುತ್ತ ತೆಲುಗಿನಲ್ಲಿ, "ಮೀ ಇಂಟ್ಲೊ ಎವರಿಕೈನಾ ಕಾಳ್ಲ ವಾಪು ಉಂದಾ?" ಎಂದು ಕೇಳಿದನಂತೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲು ಊತ ಇದೆಯಾ ಎಂದು. ಅಪ್ಪ ಹನ್ನೊಂದನೇ ನಂಬರಿನ ಬೂಟುಗಳ ಮೇಲೆ ನೆಟ್ಟಗೆ ನಿಂತು, "ಲೇದು", ಇಲ್ಲ, ಎಂದರಂತೆ. ಸುಳ್ಳು ಹೇಳಲಿಲ್ಲ ಅವರು. ಅವರಿಗಿರುವುದು ಪಾದ, ಊತವಲ್ಲ. ಇನ್ನು ಮಗಳದು ವಾತ, ಅದು ಮಜ್ಜಿಗೆಯಿಂದ ಬಂದದ್ದು. ಪವನ ಎಂದಿನಂತೆ ಬಾಯಿ ಹೊಲಿದುಕೊಂಡು ನಿಂತಿದ್ದ.

ಕೂಸಿನ ಎದೆ ನೋಡಿದರು, ಮೂತ್ರಪಿಂಡ ನೋಡಿದರು, ಎಲ್ಲ ಸರಿ ಇತ್ತು. ಹಾಗಾದರೆ ಕಾಲಿಗೆ ಯಾಕೆ ನೀರು ತುಂಬುತ್ತದೆ? ಕೂಸಿಗೆ ಮಂಪರು ಬರಿಸಿ, ಬೆರಳ ಸಂದಿಗೆ ಸೂಜಿ ಚುಚ್ಚಿ, ಒಂದು ಔಷಧ ಬಿಟ್ಟು, ಅದು ಕಾಲಿನೊಳಗೆ ಎಲ್ಲಿ ನಿಲ್ಲುತ್ತದೆ ಎಂದು ದೊಡ್ಡ ಯಂತ್ರದಲ್ಲಿ ನೋಡಬೇಕು, ಶುಕ್ರವಾರ ಬನ್ನಿ ಎಂದರು. ಪವನ ನನಗೆ ಇದನ್ನು ಹೇಳಿದ್ದು ಮಂಗಳವಾರ ಸಂಜೆ.

"ಆ ಸಣ್ಣ ಬೆರಳಿನ ಸಂದ್ಯಾಗ ಸೂಜಿ?" ಎಂದೆ.

"ಹೌದಕ್ಕಾ. ಎರಡೂ ಕಾಲಿಗೆ."

"ಮನ್ಯಾಗ ಯಾರಿಗೂ ಇಲ್ಲ ಅಂತ ಹೇಳಿ ಬಂದ್ರೇನು? ಹಂಗಾದ್ರ ನಂದೇನೋ ಇದು? ಮುಲ್ಲಂಗಿ ಗಡ್ಡಿಯೇನು?" ಎಂದು ಸೀರೆ ಎತ್ತಿ ಕಾಲು ಮುಂದೆ ಚಾಚಿದೆ. ಪವನ ಹೌಹಾರಿ ಗೋಡೆಗೆ ಒರಗಿದ. ಅಕ್ಕನ ಕಾಲನ್ನು ಅವನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಬುಧವಾರ ರಜೆ ಹಾಕಿ ಆಸ್ಪತ್ರೆಗೆ ನಾನೇ ಹೋದೆ. ಕಿರಿಯವನನ್ನು ಬಿಟ್ಟು ನೇರ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ. ಡಾಕ್ಟರ್ ಮಧುರಾ ಕಲಬುರಗಿಯವರು, ನನ್ನ ಅರಚಾಟ ಕೇಳಿ ಕನ್ನಡದಲ್ಲೇ "ಕುಂದರ್ರಿ, ಮೊದಲ ನೀರು ಕುಡೀರಿ" ಎಂದರು. ನೀರು ಕುಡಿದೆ. ಸ್ಯಾಂಡಲ್ ಬಿಚ್ಚಿದೆ. ಕಾಲನ್ನು ಎತ್ತಿ ಅವರ ಸ್ಟೂಲಿನ ಮೇಲೆ ಇಟ್ಟೆ. ಪರರಿಗೆ ಕಾಲು ತೋರಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ಡಾಕ್ಟರು ಬೆರಳಿನಿಂದ ಒತ್ತಿದರು, ಉಗುರು ನೋಡಿದರು, ಕನ್ನಡಕ ಏರಿಸಿ ಮತ್ತೆ ನೋಡಿದರು.

"ಹುಟ್ಟಿದಾಗಿಂದ ಐತೇನ್ರಿ?"

"ಹೂಂನ್ರಿ. ನಮ್ಮವ್ವ ಮಜ್ಜಿಗಿ ಕುಡದಿದ್ಲಂತ."

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ಸಮಾಧಾನವಾಗಿ ಹೇಳಿದರು. ಮೈಯಲ್ಲಿ ರಕ್ತನಾಳಗಳಿದ್ದ ಹಾಗೆ ದುಗ್ಧರಸದ ನಾಳಗಳೂ ಇರುತ್ತವಂತೆ, ಕೈಕಾಲಿನಲ್ಲಿ ನಿಂತ ನೀರನ್ನು ಮೇಲಕ್ಕೆ ಎಳೆದುಕೊಳ್ಳುವುದು ಅವುಗಳ ಕೆಲಸ. ಕೆಲವೇ ಕೆಲವು ಮನೆತನಗಳಲ್ಲಿ ಕಾಲಿನ ಆ ನಾಳಗಳು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಿಲ್ರಾಯ್ ಕಾಯಿಲೆ ಎನ್ನುತ್ತಾರೆ. ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುತ್ತದೆ. ಜೀವಕ್ಕೆ ಅಪಾಯವಿಲ್ಲ, ಆದರೆ ಪಟ್ಟಿ ಸುತ್ತಿ, ಚರ್ಮ ನೋಡಿಕೊಂಡು, ಗಾಯವಾಗದಂತೆ ಕಾಯಬೇಕು.

"ಹಂಗಾದ್ರ ಸೂಜಿ ಬ್ಯಾಡಲ್ರಿ?"

"ನಿಮ್ಮ ತಮ್ಮನ ಕಾಲು ಸಾಫ್ ಅದಾವಲ್ರಿ. ನಿಮ್ಮದು ಒಂದ ನೋಡಿ ನಾ ಹೆಂಗ ಹೇಳ್ಲಿ? ಈ ಕಡೆ ಆನಿಕಾಲು ರೋಗಾನೂ ಇರ್ತೈತಿ, ನಿಮ್ಮದು ಅದಾಗಿದ್ರ? ಕೆಲವರ ಒಳಗ ಇದು ಅಡಗಿ ಕೂತು, ಅವರಿಗೆ ಏನೂ ಆಗದ, ಮಕ್ಕಳಿಗೆ ದಾಟ್ತೈತಿ. ನಿಮ್ಮ ತಮ್ಮಂದು ಹಂಗ ಇರಬೇಕು. ಆದ್ರ ಅದಕ್ಕ ಹಿಂದಿನ ತಲಿಮಾರಿನವರನ್ನ ನೋಡಬೇಕು. ನಿಮ್ಮ ತಂದಿ ತಾಯಿ ಒಳಗ ಯಾರಿಗರ ಐತೇನು?"

ಆಗ ಹೊಳೆಯಿತು ನೋಡಿ. ನಲವತ್ತೆರಡು ವರ್ಷ ಆ ಪಾದಗಳ ಎದುರಿಗೇ ಊಟ ಮಾಡಿದ್ದೆ! ಕುರ್ಚಿಯಿಂದ ಬೀಳುವಷ್ಟು ನಗತೊಡಗಿದೆ. ಡಾಕ್ಟರು ಗಾಬರಿಯಾಗಿ ನರ್ಸನ್ನು ಕರೆಯಲು ಹೊರಟರು. ನಾನು ನಗುತ್ತಲೇ, "ಐತ್ರಿ, ಐತಿ, ದಿನಾ ಪೂಜಿ ಆಗ್ತೈತಿ," ಎಂದೆ. ಅವರು ಶುಕ್ರವಾರ ಹತ್ತು ಗಂಟೆಯೊಳಗೆ ತಂದೆಯವರನ್ನು ಕರೆದುಕೊಂಡು ಬಂದರೆ ಸೂಜಿ ನಿಲ್ಲಿಸುತ್ತೇನೆ, ಬರದಿದ್ದರೆ ನಿಲ್ಲಿಸುವ ಹಾಗಿಲ್ಲ ಎಂದರು.

ಮನೆಗೆ ಬಂದಾಗ ಅಪ್ಪ ಊಟ ಮುಗಿಸಿ ಮಣೆಯ ಮೇಲೆ ಕೂತಿದ್ದರು. ಅವ್ವ ವನಜಾ ಎಲೆ ಅಡಿಕೆ ಮಡಚಿ ಕೊಡುತ್ತಿದ್ದಳು. ನಾನು ಎಲ್ಲ ಹೇಳಿದೆ, ಮೆತ್ತಗೇ ಹೇಳಿದೆ. ನನಗೆ ಮೆತ್ತಗೆ ಹೇಳುವುದು ಎಷ್ಟು ಕಷ್ಟ ಎಂದು ನನ್ನ ಕಾರ್ಖಾನೆಯಲ್ಲಿ ಕೇಳಿ. ಅಪ್ಪ ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಪಂಚೆಯನ್ನು ಎಳೆದು ಪಾದ ಮುಚ್ಚಿಕೊಂಡರು. ಅವರು ಪಾದ ಮುಚ್ಚಿಕೊಂಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ನನ್ನ ಪಾದ ರೋಗ ಅಂತ ದವಾಖಾನಿ ಕಾಗದದಾಗ ಬರಸ್ಲೇನು?"

"ಕೂಸಿಗೆ ಸೂಜಿ ತಪ್ಪತೈತಿ ಅಪ್ಪಾ."

"ನಲವತ್ತು ವರ್ಷ ಜನ ಕಣ್ಣಿಗೆ ಒತ್ಕೊಂಡ ನೀರು ಅದು, ಕೋಕಿಲಾ. ರೋಗದ ನೀರು ಕಣ್ಣಿಗೆ ಹಚ್ಚಿದ್ರಿ ಅಯ್ಯನವರ ಅಂತ ನಾಳೆ ಅವರು ಕೇಳಿದ್ರ ನಾ ಯಾವ ಮಾರಿ ತೋರಸ್ಲಿ?"

ಬಯ್ಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವರಿಗೆ ಸೊಕ್ಕಲ್ಲ, ಹೆದರಿಕೆ. ಎಪ್ಪತ್ತೆರಡರ ಮುದುಕ ಪಂಚೆಯ ಅಂಚನ್ನು ಇನ್ನೂ ಕೆಳಗೆ ಎಳೆದುಕೊಳ್ಳುತ್ತಿದ್ದರು. ಆಗ ಅವ್ವ ಅಡಕೊತ್ತು ಕೆಳಗಿಟ್ಟು ನಿಧಾನಕ್ಕೆ ಹೇಳಿದಳು:

"ನಲವತ್ತಾರು ವರ್ಷ ದಿನಾ ನಿಮ್ಮ ಪಾದ ತೊಳದೀನ್ರಿ. ಕೋಕಿಲಾ ಸಣ್ಣಾಕಿದ್ದಾಗ ಆಕೀದೂ ತೊಳದೀನಿ. ಈಗ ಮೊಮ್ಮಗಳದು ತೊಳೀತೀನಿ. ಕಣ್ಣು ಮುಚ್ಚಿ ಮುಟ್ಟಿದ್ರ ನನ್ನ ಕೈಗೆ ಮೂರೂ ಒಂದ ಅನಸ್ತಾವ."

"ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ಲ?" ಎಂದು ನಾನೇ ಕೂಗಿದೆ.

"ಮಜ್ಜಿಗಿ ಕುಡದಾಕಿ ಮಾತು ಯಾರು ಕೇಳ್ತಿದ್ರು?" ಎಂದಳು ಅವ್ವ. ಅಪ್ಪ ಎದ್ದು ಅಂಗಳಕ್ಕೆ ಹೋದರು, ಬರುತ್ತೇನೆ ಎನ್ನಲೂ ಇಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಗುರುವಾರ ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ನಮ್ಮ ಮನೆತನದವರದೊಂದು ವಾಟ್ಸಾಪ್ ಗುಂಪಿದೆ, ಹಿರೇಮಠ ಪರಿವಾರ. ನಲವತ್ತಮೂರು ಜನ. ಬೆಳಗಾದರೆ ಹೂವಿನ ಚಿತ್ರ, ಹಬ್ಬಕ್ಕೆ ದೀಪದ ಚಿತ್ರ, ಅಷ್ಟೇ. ನಾನು ಸ್ಟೂಲಿನ ಮೇಲೆ ಎರಡೂ ಕಾಲು ಚಾಚಿ ಫೋಟೋ ತೆಗೆದು, ಕೆಳಗೆ ಬರೆದು ಕಳಿಸಿದೆ: "ಇವು ನನ್ನ ಕಾಲು. ಹುಟ್ಟಿದಾಗಿಂದ ಹಿಂಗ ಅದಾವ. ಪವನನ ಕೂಸಿಗೂ ಬಂದಾವ. ಇನ್ನ ಯಾರ್‍ಯಾರಿಗೆ ಅದಾವ, ಫೋಟೋ ಕಳಸ್ರಿ. ನೀವು ನಾಚಿಕೊಂಡು ಕೂತ್ರ ನಾಳೆ ಕೂಸಿಗೆ ಸೂಜಿ ಚುಚ್ತಾರ."

ಇಪ್ಪತ್ತು ನಿಮಿಷ ಯಾರದೂ ಸದ್ದಿಲ್ಲ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಸೊಲ್ಲಾಪುರದ ಕಾಕಾ ಗುಂಪು ಬಿಟ್ಟೇ ಹೋದರು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಟಿಣ್ ಎಂದಿತು. ಬಸವಕಲ್ಯಾಣದ ಭಾಗ್ಯಶ್ರೀ, ನನ್ನ ಚಿಕ್ಕಪ್ಪನ ಮಗಳು. ಎರಡು ದುಂಡನೆಯ ಪಾದಗಳು, ಉಗುರಿಗೆ ಕೆಂಪು ಬಣ್ಣ ಬೇರೆ ಬಳಿದಿದ್ದಾಳೆ! "ಅಕ್ಕಾ, ನನಗೂ ಅದಾವ. ನಮ್ಮ ಮನಿಯವರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ."

ಆಮೇಲೆ ಶುರುವಾಯಿತು ನೋಡಿ. ಟಿಣ್. ಹುಮನಾಬಾದಿನ ಅತ್ತೆಯ ಮಗಳು, ಪೊರಕೆಯ ಪಕ್ಕದಲ್ಲಿ. ಟಿಣ್. ಪುಣೆಯ ಹುಡುಗಿ, ಮದರಂಗಿ ಹಚ್ಚಿದ ಕಾಲು. ಟಿಣ್. ಉದಗೀರದ ಸಣ್ಣತ್ತೆ, ಎಮ್ಮೆಯ ಕೊಟ್ಟಿಗೆಯಲ್ಲಿ, ಹಿಂದೆ ಎಮ್ಮೆಯ ಕಾಲೂ ಬಂದಿದೆ. ಯಾವುದು ಯಾರದು ಎಂದು ಒಬ್ಬ ಕಿಡಿಗೇಡಿ ಕೇಳಿದ, ಸಣ್ಣತ್ತೆ ಅವನಿಗೆ ಧ್ವನಿಸಂದೇಶದಲ್ಲಿ ಮಂಗಳಾರತಿ ಎತ್ತಿದಳು. ಗುಂಪು ಬಿಟ್ಟು ಹೋಗಿದ್ದ ಸೊಲ್ಲಾಪುರದ ಕಾಕಾ ವಾಪಸು ಬಂದು ತಮ್ಮ ಸಪೂರ ಕಾಲಿನ ಚಿತ್ರ ಹಾಕಿ, "ನನಗಿಲ್ಲ, ಆದರೂ ಕಳಿಸೀನಿ," ಎಂದು ಬರೆದರು. ಭಾಗ್ಯಶ್ರೀ ಎಲ್ಲರ ಚಪ್ಪಲಿ ನಂಬರು ಕೇಳಿದಳು. ಒಂಬತ್ತು, ಹತ್ತು, ಹತ್ತು, ಹನ್ನೊಂದು! ಎಲ್ಲರೂ ಗಂಡಸರ ಸ್ಯಾಂಡಲಿನವರೇ. ಪ್ಯಾಕಿಂಗ್ ಬೆಲ್ಟಿನ ಹುಡುಗಿಯರು "ಏಮೈಂದಿ ಮೇಡಂ?" ಏನಾಯಿತು ಎಂದು ಓಡಿಬಂದರು. ನಾನು ಕಣ್ಣೀರು ಸುರಿಸಿಕೊಂಡು ನಗುತ್ತಿದ್ದೆ. ಅವರಿಗೂ ಕಾಲು ತೋರಿಸಿದೆ. ಅರವತ್ತು ಜನರಿಗೆ ತೋರಿಸಿದೆ. ಯಾರೂ ಮೂರ್ಛೆ ಹೋಗಲಿಲ್ಲ.

ಸಂಜೆಯ ಹೊತ್ತಿಗೆ ಹನ್ನೊಂದು ಜೋಡಿ. ಅಪ್ಪನ ಫೋನಿಗೂ ಎಲ್ಲ ಬಂದಿದ್ದವು, ಅವರು ತೆರೆದು ನೋಡಿರಲಿಲ್ಲ. ಆರು ಗಂಟೆಗೆ ಅದೇ ಫೋನಿಗೆ ಭಾಲ್ಕಿಯಿಂದ ವಿಡಿಯೋ ಕರೆ ಬಂತು. ಅಪ್ಪನ ಅಕ್ಕ ಶಿವದೇವಿ ಅತ್ತೆ, ಎಪ್ಪತ್ತೆಂಟು ವರ್ಷ. ಅಪ್ಪ ಕರೆ ಎತ್ತಿದರೆ ಪರದೆಯಲ್ಲಿ ಮುಖವೇ ಇಲ್ಲ, ಬರೀ ಎರಡು ಕಾಲು. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಕೋಕಿಲಾ, ನನ್ನ ಪಾದದ ಫೋಟೋ ಯಾವಾಗ ತಗದ್ಯೇ? ಎಲ್ಲಾರಿಗೂ ಕಳಿಸಿಯೇನು?" ಎಂದು ಸಿಟ್ಟಿನಿಂದ ಕೇಳಿದರು.

ಕಾಲುಗಳು ಅಲುಗಾಡಿದವು. ಫೋನಿನೊಳಗಿಂದ ಮುದುಕಿಯ ದನಿ ಬಂತು. "ನಿನ್ನವಲ್ಲೋ ಕಲ್ಯಾಣಾ, ನನ್ನವು!"

ಅಪ್ಪ ಬಗ್ಗಿ ತಮ್ಮ ಪಾದ ನೋಡಿಕೊಂಡರು. ಮತ್ತೆ ಫೋನು ನೋಡಿದರು. ಬಲಗಾಲಿನ ಹೆಬ್ಬೆರಳ ಉಗುರು ಕೂಡ ಅದೇ ಥರ ಅರ್ಧಚಂದ್ರವಾಗಿ ಎದ್ದಿತ್ತು. "ನಿನಗ... ನಿನಗೂ ಅದಾವೇನಕ್ಕಾ?"

"ನಿನಕಿಂತ ಆರು ವರ್ಷ ಮೊದಲಿಂದ ಅದಾವ. ನಿನ್ನವಕ್ಕ ಹೂವು ಏರಿಸಿದ್ರು, ನನಗ ಸೀರಿ ಇಳಿಬಿಟ್ಟು ಉಡು ಅಂದ್ರು. ಉಟ್ಟೆ. ಆ ಕೂಸಿಗೂ ಹಂಗ ಮಾಡಬ್ಯಾಡೋ ತಮ್ಮಾ," ಎಂದಳು ಅತ್ತೆ. ಅಳಲಿಲ್ಲ, ಬಯ್ಯಲೂ ಇಲ್ಲ. ಜೋಳದ ರೊಟ್ಟಿ ಸುಡುತ್ತಿದೆ ಎಂದು ಹೇಳಿ ಕರೆ ಕಡಿದಳು. ಅಪ್ಪ ಬಹಳ ಹೊತ್ತು ಗುಂಪಿನ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಎಮ್ಮೆಯದು ಬಂದಾಗ ಮಾತ್ರ ಇದು ಯಾರದು ಎಂದು ಕೇಳಿದರು.

ಶುಕ್ರವಾರ ಬೆಳಿಗ್ಗೆ ನಾವು ತಯಾರಾಗಿ ಹೊರಬರುವಷ್ಟರಲ್ಲಿ ಅಪ್ಪ ಆಟೋದಲ್ಲಿ ಕೂತೇ ಬಿಟ್ಟಿದ್ದರು. ಮಡಿ ಪಂಚೆ, ವಿಭೂತಿ, ಬರಿಗಾಲು. ಬೂಟು ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಸ್ಟೂಲಿನ ಮೇಲೆ ಅವರೇ ಪಾದ ಎತ್ತಿಟ್ಟು, "ನೋಡ್ರಿ. ಹುಟ್ಟಿದಾಗಿಂದ ಅದಾವ. ನಮ್ಮಪ್ಪಗೂ ಇದ್ದುವು, ಅಕ್ಕಗೂ ಅದಾವ, ಈಕಿಗೂ ಅದಾವ. ಮೊನ್ನೆ ನಾ ಇಲ್ಲ ಅಂತ ಹೇಳಿದ್ದು ತಪ್ಪಾತು," ಎಂದರು. ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಡಾಕ್ಟರು ದೊಡ್ಡ ಹಾಳೆ ತೆಗೆದು ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು ಬರೆದು, ಕಾಲಿಗೆ ಬಂದವರದನ್ನು ಪೆನ್ನಿನಿಂದ ಕಪ್ಪು ಮಾಡತೊಡಗಿದರು. ನಾನು ಫೋನು ಹಿಡಿದು ಹೆಸರು ಓದುತ್ತ ಹೋದೆ. ನಮ್ಮ ಮಠದ ವಂಶಾವಳಿಯಲ್ಲಿ ಹೆಂಗಸರ ಹೆಸರೇ ಇಲ್ಲ, ಇಲ್ಲಿ ಗುಂಡುಗಳೇ ಜಾಸ್ತಿ. ಪವನನ ಚೌಕವನ್ನು ಡಾಕ್ಟರು ಖಾಲಿ ಬಿಟ್ಟು ನಡುವೆ ಒಂದು ಚುಕ್ಕೆ ಇಟ್ಟರು. ಒಳಗೆ ಅಡಗಿದೆ ಎಂದು ಅರ್ಥವಂತೆ. "ಅಂದ್ರ ನನಗೂ ಬಂದೈತಿ!" ಎಂದು ಪವನ ಆಸ್ಪತ್ರೆಯಲ್ಲಿ ಮೊದಲ ಸಲ ಬಾಯಿ ತೆರೆದ. ಅವನ ಮುಖದಲ್ಲಿ ಲಾಟರಿ ಹೊಡೆದ ಸಂತೋಷ. ತೇಜಸ್ವಿನಿ ಮಾತ್ರ ಹಾಳೆಯಲ್ಲಿ ತನ್ನ ಗುಂಡು ಖಾಲಿ ಇರುವುದನ್ನು ಎರಡು ಸಲ ಬೆರಳಿಟ್ಟು ನೋಡಿ, "ನಾ ತಿಂದಿದ್ದಕ್ಕ ಅಲ್ಲಲ್ರಿ?" ಎಂದು ಕೇಳಿದಳು. ಅಲ್ಲ ಎಂದರು ಡಾಕ್ಟರು. ಅವಳು ಕೂಸಿನ ಕಾಲುಚೀಲ ಬಿಚ್ಚಿ ಕಸದ ಬುಟ್ಟಿಗೆ ಹಾಕಿದಳು.

ಸೂಜಿ ರದ್ದಾಯಿತು. ರಕ್ತದ ಒಂದು ಪರೀಕ್ಷೆ ಮಾತ್ರ ಎಂದರು. ಅಪ್ಪ ಕೇಳಿದರು. "ಡಾಕ್ಟರೇ, ಇದು... ಪೂಜಿ ಮಾಡಿದವರಿಗೆ ಅಂಟತೈತೇನು?"

"ಇಲ್ಲ ಅಜ್ಜಾರ. ಮಕ್ಕಳಿಗೆ ಬಿಟ್ರ ಯಾರಿಗೂ ಹೋಗಂಗಿಲ್ಲ."

ಅಪ್ಪನ ಭುಜದಿಂದ ಒಂದು ಮೂಟೆ ಇಳಿದದ್ದು ನಮಗೆಲ್ಲ ಕಂಡಿತು. ಡಾಕ್ಟರು ಬಿಡಲಿಲ್ಲ. "ಆದ್ರ ವರ್ಷಕ್ಕೊಮ್ಮೆ ಕಾಲು ಕೆಂಪಾಗಿ ಚಳಿಜ್ವರ ಬರ್ತೈತೇನು?" ಎಂದರು. ಅವ್ವ ತಕ್ಷಣ, "ಬರ್ತೈತ್ರಿ, ಪ್ರತಿ ಶ್ರಾವಣದಾಗ! ದೇವರ ಜ್ವರ ಅಂತೀವಿ," ಎಂದಳು. ಶ್ರಾವಣದಲ್ಲಿ ದಿನಕ್ಕೆ ಏಳೆಂಟು ಮನೆಯಲ್ಲಿ ಪಾದ ತೊಳೆಯುತ್ತಾರೆ, ಬೆರಳ ಸಂದು ಒಣಗುವುದೇ ಇಲ್ಲ, ಅಲ್ಲಿಂದ ಸೋಂಕು ಒಳಗೆ ಹೋಗುತ್ತದೆ ಎಂದು ಡಾಕ್ಟರು ವಿವರಿಸಿದರು. ಪೂಜೆ ಮಾಡಿಸಿಕೊಳ್ಳಿ, ಆದರೆ ಆದಮೇಲೆ ಬೆರಳ ಸಂದು ಒಣಬಟ್ಟೆಯಲ್ಲಿ ಒರೆಸಿಕೊಳ್ಳಿ ಎಂದರು. ಅಪ್ಪ ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು.

ಆಮೇಲೆ ಪಟ್ಟಿ ಸುತ್ತುವುದನ್ನು ಕಲಿಯಲು ಕೆಳಗಿನ ಮಹಡಿಯ ಹಾಲಿಗೆ ಕಳಿಸಿದರು. ಕೂಸಿಗೆ ಮೆತ್ತನೆಯ ಪಟ್ಟಿ, ಬಲು ಹಗುರ ಬಿಗಿಯಲ್ಲಿ, ದಿನವೂ ಮನೆಯವರೇ ಸುತ್ತಬೇಕು. ನಡೆಯಲು ಶುರು ಮಾಡಿದ ಮೇಲೆ ಅಳತೆಯ ಕಾಲುಚೀಲ. ಬೆರಳ ಕಡೆ ಬಿಗಿ ಸ್ವಲ್ಪ ಹೆಚ್ಚು, ಮೇಲೆ ಹೋದ ಹಾಗೆ ಕಡಿಮೆ. ಹೆಚ್ಚುಕಡಿಮೆಯಾದರೆ ಊತ ಇನ್ನೊಂದು ಕಡೆ ಸರಿಯುತ್ತದೆ. ಅಲ್ಲಿಯ ತೆಲುಗು ಹುಡುಗಿ ಮೊದಲು ದೊಡ್ಡ ಕಾಲಿನ ಮೇಲೆ ಕಲಿಯಿರಿ, ಆಮೇಲೆ ಕೂಸಿನದು ಎಂದಳು. ದೊಡ್ಡ ಕಾಲು ಎಂದರೆ ನಾನೇ! ನನ್ನ ಕಾಲಿನ ರಕ್ತ ಓಡಾಟ ಪರೀಕ್ಷಿಸಿ, ಒರೆಸಿ, ಕುರ್ಚಿಯಲ್ಲಿ ಕೂರಿಸಿದಳು.

ಪವನ ಸುತ್ತಿದ. ನನ್ನ ಕಾಲು ಮದುಮಗನ ಪೇಟದ ಹಾಗೆ ಕಂಡಿತು, ಎರಡು ಹೆಜ್ಜೆ ಇಡುವಷ್ಟರಲ್ಲಿ ಬಿಚ್ಚಿಕೊಂಡು ಬಾಗಿಲವರೆಗೆ ಹಾಸಿತು. ತೇಜಸ್ವಿನಿ ಸುತ್ತಿದಳು, ಅದೂ ಜಾರಿತು. ಅಪ್ಪ ಇಷ್ಟು ಹೊತ್ತು ಗೋಡೆಗೆ ಒರಗಿ ನೋಡುತ್ತಿದ್ದವರು ಇನ್ನು ತಡೆಯಲಾರದೆ, "ಏ, ಸರಿಯೋ ಆ ಕಡೆ! ಎಳತ ಸಮ ಇಲ್ಲ. ಹಿಂಗ ತಂತಿ ಸುತ್ತಿದ್ರ ಮೋಟಾರು ಸುಟ್ಟ ಹೋಗತೈತಿ," ಎಂದು ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಅಪ್ಪಾ, ಬ್ಯಾಡ್ರಿ! ನಿಮ್ಮ ತೊಡಿ ಮ್ಯಾಲೆ ನನ್ನ ಕಾಲು..."

"ಸುಮ್ಮ ಕುಂದರು." ಬೆರಳ ಬುಡದಿಂದ ಪಟ್ಟಿ ಹಿಡಿದು ಒಂದು ಸುತ್ತು, ಅದರ ಅರ್ಧ ಮುಚ್ಚುವ ಹಾಗೆ ಇನ್ನೊಂದು ಸುತ್ತು. ತಲೆ ಎತ್ತದೆ ಕೇಳಿದರು. "ನೋಯತಿತ್ತೇನವ್ವಾ, ಇಷ್ಟ ವರ್ಷ?"

ನಲವತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. "ಕಾಲು ನೋಯತಿದ್ದಿಲ್ರಿ," ಎಂದೆ. ಅಪ್ಪ ಪಟ್ಟಿಯ ಅಂಚನ್ನು ಹೆಬ್ಬೆರಳಿಂದ ಸಮ ಮಾಡಿ ಮುಂದಿನ ಸುತ್ತು ಹಾಕಿದರು. ನನಗೆ ಸಂತೋಷವಾಗಿತ್ತು. ಹೊಟ್ಟೆ ತುಂಬ ಸಂತೋಷ, ಬೇರೆ ಹೇಗೆ ಹೇಳಲಿ.

ಆ ಹೊತ್ತಿಗೇ ತನ್ನ ತಾಯಿಯ ಮೊಣಕಾಲು ನೋವಿಗೆಂದು ಸೂರ್ಯಕಾಂತ ಒಳಗೆ ಬಂದ. ನಾಚಾರಂನ ಕಾರ್ಖಾನೆಯವನು, ಹೋದ ತಿಂಗಳು ಅವನ ಹೊಸ ಮನೆಯ ಪೂಜೆ ಅಪ್ಪನೇ ಮಾಡಿಸಿದ್ದರು. ಅಯ್ಯನವರು ನೆಲದ ಮೇಲೆ ಕೂತು ಯಾರದೋ ಕಾಲು ಹಿಡಿದಿರುವುದನ್ನು ನೋಡಿ ಅವನ ಬಾಯಿ ತೆರೆದೇ ಉಳಿಯಿತು. ನಾನು ಗಾಬರಿಯಿಂದ ಕಾಲು ಹಿಂದಕ್ಕೆಳೆದೆ. ಅಪ್ಪ ಬಿಡಲಿಲ್ಲ, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದರು.

"ಅಯ್ಯನವರ! ನೀವು ಕೆಳಗ... ಯಾರ ಕಾಲ್ರಿ ಇದು?"

"ನನ್ನ ಮಗಳದು," ಎಂದರು ಅಪ್ಪ, ಎಲ್ಲರಿಗೂ ಕೇಳುವ ಹಾಗೆ. "ನನ್ನಂಥಾದ್ದ ಐತಿ. ಮೊಮ್ಮಗಳಿಗೂ ಬಂದೈತಿ. ನೋಡು ಬಾ."

ಸೂರ್ಯಕಾಂತನಿಗೆ ಏನು ತಿಳಿಯಿತೋ ಏನು ಬಿಟ್ಟಿತೋ, ಅಯ್ಯನವರನ್ನು ಕಂಡಮೇಲೆ ಅಡ್ಡಬೀಳಬೇಕಲ್ಲ, ಬಗ್ಗಿದ. ಅಪ್ಪನ ಪಾದಗಳು ಮಡಚಿದ ತೊಡೆಗಳ ಅಡಿಯಲ್ಲಿ ಅಡಗಿದ್ದವು. ಅವನ ಹಣೆ ಆ ಕಡೆ ಈ ಕಡೆ ಹುಡುಕಾಡಿ ಕೊನೆಗೆ ಎದುರಿಗೆ ಇದ್ದ ನನ್ನ ಬೆರಳುಗಳಿಗೆ ತಾಗಿತು. ಅಪ್ಪ ಬೇಡ ಎನ್ನಲಿಲ್ಲ. ಒಂದು ಕೈಯಲ್ಲಿ ಪಟ್ಟಿಯನ್ನು ಬಿಗಿ ಹಿಡಿದುಕೊಂಡೇ ಇನ್ನೊಂದು ಕೈ ಎತ್ತಿ ಅವನನ್ನು ಹರಸಿದರು. ಅವನ ಮೀಸೆಯ ಕಚಗುಳಿಗೆ ನಾನು ಕಿಟಾರನೆ ಕಿರುಚಿ ನಗತೊಡಗಿದೆ, ಅವ್ವ ನಕ್ಕಳು, ತೇಜಸ್ವಿನಿ ನಕ್ಕಳು, ಅವಳ ತೊಡೆಯ ಮೇಲೆ ಬರಿಗಾಲಿನ ಕೂಸು ಬೆಚ್ಚಿ ಎಲ್ಲರ ಮುಖ ನೋಡಿತು.

"ಅಲಗಾಡಬ್ಯಾಡ ಕೋಕಿಲಾ," ಎಂದು ಅಪ್ಪ ಗದರಿದರು, "ಇನ್ನ ನಾಲ್ಕು ಸುತ್ತು ಐತಿ."